ದೊಡ್ಡಬಳ್ಳಾಪುರದ ಕಡೆ ವೈನರಿ ನೋಡಲು ಹೋಗುವವರಿಗೆ

ಬೆಂಗಳೂರಿನಿಂದ ವೈನರಿ (ವೈನ್ ತಯಾರಿಸುವ ಜಾಗ) ಸುತ್ತಾಟಕ್ಕೆ ಹೊರಡುವವರು ದೊಡ್ಡಬಳ್ಳಾಪುರ, ಚನ್ನಪಟ್ಟಣ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಒಂದು ಉತ್ತರಕ್ಕೆ, ಇನ್ನೊಂದು ಮೈಸೂರು ರಸ್ತೆಗೆ. ನಡುವೆ ಬೆಂಗಳೂರಿನ ಟ್ರಾಫಿಕ್ಕು!

ಮೊದಲ ಸಲವಾದರೆ ನಂದಿ ಬೆಟ್ಟದ ಕಡೆಯ ಗ್ರೋವರ್ ಝಂಪಾ ವೈನರಿ ಸಾಕು. ಸುಮ್ನೆ ಹೋಗಿ ಗೇಟಿನ ಮುಂದೆ ನಿಲ್ಲಬೇಡಿ, ಫೋನ್ ಮಾಡಿ ಬುಕ್ ಮಾಡಿಕೊಳ್ಳಿ. ಜನವರಿಯಿಂದ ಮಾರ್ಚ್ ಒಳಗೆ ಹೋದರೆ ಬಳ್ಳಿಯಲ್ಲಿ ಹಣ್ಣು ನೋಡಬಹುದು. ಮಳೆಗಾಲದಲ್ಲಿ ಬರೀ ಎಲೆ.

ದಾರಿಬದಿಯಲ್ಲಿ ಮಾರುವ ಕಪ್ಪು ದ್ರಾಕ್ಷಿ ಹೆಚ್ಚಾಗಿ ಬೆಂಗಳೂರು ಬ್ಲೂ ತಳಿ, ತಿನ್ನುವುದಕ್ಕೆ, ಜ್ಯೂಸಿಗೆ. ವೈನಿಗೆ ಬೆಳೆಯುವ ಶಿರಾಜ್, ಕ್ಯಾಬರ್ನೆ ಹಣ್ಣು ಸಣ್ಣದು, ಸಿಪ್ಪೆ ದಪ್ಪ. ಕೆಂಪು ವೈನಿನ ಬಣ್ಣ ಬರುವುದು ಆ ಸಿಪ್ಪೆಯಿಂದಲೇ, ಒಗರು ಸಿಪ್ಪೆ ಮತ್ತು ಬೀಜದಿಂದ. ತೋರಿಸುವವರನ್ನು ಕೇಳಿ, ಒಂದು ಕಾಳು ಬಾಯಿಗೆ ಹಾಕಿ ನೋಡಿ.

ವೈನ್ ರುಚಿ ನೋಡುವ ಮುನ್ನ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ, ಆದರೆ ಖಾರ ಬೇಡ, ನಾಲಿಗೆ ಕೆಡುತ್ತದೆ. ಪರ್ಫ್ಯೂಮ್ ಕೂಡ ಬೇಡ. ರುಚಿ ನೋಡಿ ಉಗುಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಉಗುಳಲು ಪಾತ್ರೆ ಕೇಳಿ ಇಟ್ಟುಕೊಳ್ಳಿ.

ಗಾಡಿ ಓಡಿಸುವವರು ಮಾತ್ರ ಮುಟ್ಟಲೇಬಾರದು. 100 ಮಿಲಿ ರಕ್ತದಲ್ಲಿ ಆಲ್ಕೋಹಾಲ್ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲವೇ 10,000 ರೂಪಾಯಿ ದಂಡ. ಅದರ ಬದಲು ಡ್ರೈವರ್ ಕರೆದುಕೊಂಡು ಹೋಗುವುದು ಅಗ್ಗ ಅಲ್ವಾ?

ಬಾಟಲಿ ಕೊಂಡರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ. ಊಟ ಮುಗಿಸಿ, ವಾಪಸ್ ಹೊರಡುವಾಗ ಕೊಳ್ಳಿ.