ಕಲ್ಟ್ ಅಪರಾಧ ಚಿತ್ರಗಳಲ್ಲಿ ಅನುಕರಣೆಯನ್ನು ಗುರುತಿಸುವ ಬಗೆ

ಕ್ವೆಂಟಿನ್ ಟ್ಯಾರಂಟಿನೊ ಅವರ ‘ಪಲ್ಪ್ ಫಿಕ್ಷನ್’ 1994ರ ಕಾನ್ ಚಿತ್ರೋತ್ಸವದಲ್ಲಿ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆಯಿತು. ಹರಟೆ ಹೊಡೆಯುವ ಕೊಲೆಗಾರರು, ಹಿಂದುಮುಂದಾಗಿ ಜೋಡಿಸಿದ ಕಥೆ, ರಕ್ತದ ನಡುವಿನ ನಗು ಮತ್ತು ಒಂದು ಹಳೆಯ ಹಾಡು ಸೇರಿದರೆ ಅಪರಾಧ ಚಿತ್ರ ಸಿದ್ಧವಾಗುತ್ತದೆ ಎಂಬ ನಂಬಿಕೆ ಆ ನಂತರದ ವರ್ಷಗಳಲ್ಲಿ ಹಬ್ಬಿತು. ಹಾಗೆ ಬಂದ ಚಿತ್ರಗಳಲ್ಲಿ ಕೆಲವಕ್ಕೆ ಇಂದಿಗೂ ನಿಷ್ಠಾವಂತ ಅಭಿಮಾನಿಗಳಿದ್ದಾರೆ; ಇಂಥವನ್ನೇ ಕಲ್ಟ್ ಚಿತ್ರಗಳೆನ್ನುವುದು. ಅವುಗಳ ಖ್ಯಾತಿ ಎಷ್ಟು ಅರ್ಹ ಎಂಬುದನ್ನು ನೋಡುಗರು ತಾವೇ ಅಳೆಯಬಹುದಾದ ಒಂದು ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಅನುಕರಣೆಯೆಂದು ನಿಮಗೆ ಅನುಮಾನವಿರುವ ಚಿತ್ರಕ್ಕಿಂತ ಮೊದಲು ಟ್ಯಾರಂಟಿನೊ ಅವರ ‘ರಿಸರ್ವಾಯರ್ ಡಾಗ್ಸ್’ (1992) ಮತ್ತು ‘ಪಲ್ಪ್ ಫಿಕ್ಷನ್’ ಎರಡನ್ನೂ ಮತ್ತೊಮ್ಮೆ ನೋಡಿ, ಏಕೆಂದರೆ ನೆನಪಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಅವುಗಳ ಹೊರಮೈ ಮಾತ್ರ. ಎರವಲು ತರುವುದೇ ತಪ್ಪು ಎಂಬ ಭಾವನೆಯನ್ನೂ ಆಗಲೇ ಬಿಟ್ಟುಬಿಡಬೇಕು. ‘ರಿಸರ್ವಾಯರ್ ಡಾಗ್ಸ್’ ಸ್ವತಃ ರಿಂಗೋ ಲ್ಯಾಮ್ ಅವರ ಹಾಂಗ್‌ಕಾಂಗ್ ಚಿತ್ರ ‘ಸಿಟಿ ಆನ್ ಫೈರ್’ಗೆ (1987) ಬಹಳವಾಗಿ ಋಣಿಯಾಗಿದೆ; ದರೋಡೆಯ ಕಥೆಯಲ್ಲಿ ಕಾಲವನ್ನು ಕತ್ತರಿಸಿ ಜೋಡಿಸುವ ಕ್ರಮವನ್ನು ಸ್ಟ್ಯಾನ್ಲಿ ಕುಬ್ರಿಕ್ 1956ರ ‘ದ ಕಿಲ್ಲಿಂಗ್’ನಲ್ಲೇ ಬಳಸಿದ್ದರು. ಆದ್ದರಿಂದ ಯಾರಿಂದ ತಂದರು ಎನ್ನುವುದಕ್ಕಿಂತ, ತಂದದ್ದು ಹೊಸ ಜಾಗದಲ್ಲಿ ಏನು ಕೆಲಸ ಮಾಡುತ್ತಿದೆ ಎನ್ನುವುದೇ ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲು ಸಂಭಾಷಣೆಗೆ ಹಾಕಿ, ಅನುಕರಣೆ ಹೆಚ್ಚು ಬಯಲಾಗುವುದು ಅಲ್ಲಿಯೇ. ಕಥೆಗೆ ಸಂಬಂಧವಿಲ್ಲವೆನಿಸುವ ಒಂದು ಹರಟೆಯನ್ನು ಆರಿಸಿಕೊಂಡು, ಅದನ್ನು ತೆಗೆದುಹಾಕಿದರೆ ಮುಂದಿನ ಯಾವ ದೃಶ್ಯ ಬಲ ಕಳೆದುಕೊಳ್ಳುತ್ತದೆ ಎಂದು ಹುಡುಕಿ. ‘ಪಲ್ಪ್ ಫಿಕ್ಷನ್’ನಲ್ಲಿ ಇಬ್ಬರು ಕೊಲೆಗಾರರು ಪಾದ ನೀವುವುದರ ಬಗ್ಗೆ ವಾದಿಸುತ್ತಾರೆ. ತಮ್ಮ ಯಜಮಾನ ತನ್ನ ಹೆಂಡತಿಯ ಪಾದ ನೀವಿದವನನ್ನು ಮಹಡಿಯಿಂದ ಎಸೆಸಿದನಂತೆ ಎಂಬ ವದಂತಿಯನ್ನು ನಾವು ಕೇಳುವುದು ಆ ವಾದದಲ್ಲೇ. ಅವರಲ್ಲೊಬ್ಬನಾದ ವಿನ್ಸೆಂಟ್ ಅದೇ ಹೆಂಡತಿಯನ್ನು ಒಂದು ಸಂಜೆ ಹೊರಗೆ ಕರೆದೊಯ್ಯಬೇಕಾಗಿ ಬಂದಾಗ, ಊಟ ಮತ್ತು ನೃತ್ಯದ ಪ್ರತಿ ಕ್ಷಣದಲ್ಲೂ ನಮಗೆ ಆಗುವ ಆತಂಕಕ್ಕೆ ಆ ಹರಟೆಯೇ ಮೂಲ. ‘ರಿಸರ್ವಾಯರ್ ಡಾಗ್ಸ್’ನ ಆರಂಭದಲ್ಲಿ ಟಿಪ್ಸ್ ಕೊಡಲು ಒಪ್ಪದವನು ಮಿಸ್ಟರ್ ಪಿಂಕ್ ಎಂದು ದರೋಡೆ ಗುಂಪಿನ ಯಜಮಾನನಿಗೆ ಹೇಳಿಬಿಡುವವನು ಮಿಸ್ಟರ್ ಆರೆಂಜ್, ಗುಂಪಿನೊಳಗೆ ಸೇರಿಕೊಂಡಿರುವ ಪೊಲೀಸ್ ಅವನೇ ಎಂಬುದು ಮುಂದೆ ತಿಳಿಯುತ್ತದೆ. ಎರಡನೆಯ ಸಲ ನೋಡುವಾಗ ಆ ಸಣ್ಣ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ಅನುಕರಿಸಿದ ಚಿತ್ರಗಳಲ್ಲಿ ಹರಟೆ ಸಾಮಾನ್ಯವಾಗಿ ಚುರುಕಾಗಿಯೇ ಇರುತ್ತದೆ, ಆದರೆ ಅದನ್ನು ತೆಗೆದರೆ ಏನೂ ಕುಸಿಯುವುದಿಲ್ಲ. ಪಾತ್ರಗಳ ಮುಖ ನೋಡದೆ ಮಾತನ್ನಷ್ಟೇ ಕೇಳುವುದು ಇನ್ನೊಂದು ಉಪಾಯ: ಎಲ್ಲರೂ ಒಂದೇ ಚತುರ ದನಿಯಲ್ಲಿ ಮಾತನಾಡುತ್ತಿದ್ದರೆ, ನೀವು ಕೇಳುತ್ತಿರುವುದು ಚಿತ್ರಕಥೆಗಾರನನ್ನು.

ಕಾಲದ ಜೋಡಣೆಯನ್ನು ಪರೀಕ್ಷಿಸಲು ಘಟನೆಗಳನ್ನು ನಡೆದ ಕ್ರಮದಲ್ಲಿ ಕಾಗದದ ಮೇಲೆ ಬರೆದುಕೊಂಡರೆ ಸಾಕು. ‘ಪಲ್ಪ್ ಫಿಕ್ಷನ್’ನಲ್ಲಿ ವಿನ್ಸೆಂಟ್ ಸತ್ತದ್ದನ್ನು ನೋಡಿದ ಮೇಲೆ ನಾವು ಕೊನೆಯ ದೃಶ್ಯಕ್ಕೆ ಬರುತ್ತೇವೆ. ಅಲ್ಲಿ ಗೆಳೆಯ ಜೂಲ್ಸ್ ಹತ್ತಿರದಿಂದ ಹಾರಿದ ಗುಂಡುಗಳು ತಮಗೆ ತಾಗದ್ದನ್ನು ಪವಾಡವೆಂದು ನಂಬಿ ಈ ವೃತ್ತಿಯನ್ನೇ ಬಿಡಲು ನಿರ್ಧರಿಸುತ್ತಾನೆ, ವಿನ್ಸೆಂಟ್ ಅದನ್ನು ತಳ್ಳಿಹಾಕುತ್ತಾನೆ. ನೇರ ಕ್ರಮದಲ್ಲಿ ಹೇಳಿದ್ದರೆ ಈ ಭಾರ ಬರುತ್ತಿರಲಿಲ್ಲ. ನೀವು ಪರೀಕ್ಷಿಸುತ್ತಿರುವ ಚಿತ್ರ ನೇರ ಕ್ರಮದಲ್ಲೂ ಅಷ್ಟೇ ಚೆನ್ನಾಗಿ ನಿಲ್ಲುವುದಾದರೆ ಜೋಡಣೆ ಕೇವಲ ಅಲಂಕಾರ.

ಹಿಂಸೆ ಮತ್ತು ಸಂಗೀತವನ್ನು ಒಟ್ಟಿಗೆ ಗಮನಿಸುವುದು ಒಳ್ಳೆಯದು. ‘ರಿಸರ್ವಾಯರ್ ಡಾಗ್ಸ್’ನಲ್ಲಿ ಕಿವಿ ಕತ್ತರಿಸುವ ದೃಶ್ಯ ಎಲ್ಲರಿಗೂ ನೆನಪಿದೆ, ಆದರೆ ಕತ್ತರಿಸುವ ಕ್ಷಣದಲ್ಲಿ ಕ್ಯಾಮೆರಾ ಬೇರೆಡೆಗೆ ಹೊರಳುತ್ತದೆ ಎಂಬುದು ಹಲವರಿಗೆ ನೆನಪಿಲ್ಲ. ಆ ದೃಶ್ಯದಲ್ಲಿ ಕೇಳಿಸುವ ಹಾಡು ಬರುವುದು ಕೋಣೆಯ ರೇಡಿಯೊದಿಂದ; ಹಿಂಸಿಸುವವನು ಪೆಟ್ರೋಲ್ ತರಲು ಕಾರಿನ ಬಳಿ ಹೋದಾಗ ಹಾಡು ಮರೆಯಾಗಿ ಹೊರಗಿನ ಶಾಂತ ಹಗಲು ಕೇಳಿಸುತ್ತದೆ, ಅವನು ಒಳಗೆ ಬಂದೊಡನೆ ಹಾಡೂ ಮರಳುತ್ತದೆ. ಆ ಕೆಲವು ಸೆಕೆಂಡುಗಳ ಮೌನವನ್ನು ಯಾರೂ ನಕಲು ಮಾಡಲಿಲ್ಲವಲ್ಲ ಎಂಬ ಕೊರಗು ನನಗಿದೆ.

ಈಗ ಇಬ್ಬರು ಸಹೋದರರು ಅಪರಾಧಿಗಳನ್ನು ತಾವೇ ಕೊಲ್ಲುತ್ತಾ ಹೋಗುವ, ಟ್ರಾಯ್ ಡಫಿ ಅವರ ‘ದ ಬೂಂಡಾಕ್ ಸೇಂಟ್ಸ್’ (1999) ಚಿತ್ರವನ್ನು ಇದೇ ಕ್ರಮದಲ್ಲಿ ನೋಡಿ. ಅಮೆರಿಕದಲ್ಲಿ ಬೆರಳೆಣಿಕೆಯ ಚಿತ್ರಮಂದಿರಗಳಲ್ಲಷ್ಟೇ ಬಿಡುಗಡೆಯಾದ ಇದು ವಿಡಿಯೊ ಮತ್ತು ಡಿವಿಡಿಯ ಮೂಲಕ ಅಭಿಮಾನಿಗಳನ್ನು ಗಳಿಸಿ, 2009ರಲ್ಲಿ ಮುಂದಿನ ಭಾಗವನ್ನೂ ಕಂಡಿತು. ಗುಂಡಿನ ಕಾಳಗವನ್ನು ಮೊದಲು ತೋರಿಸದೆ, ವಿಲೆಮ್ ಡಫೋ ನಟಿಸಿರುವ ತನಿಖಾಧಿಕಾರಿ ಸ್ಥಳಕ್ಕೆ ಬಂದು ಊಹಿಸಿದ ಮೇಲೆ ತೋರಿಸುವ ತಂತ್ರ ಮೊದಲ ಬಾರಿ ನಿಜಕ್ಕೂ ಸೆಳೆಯುತ್ತದೆ. ಅದು ಮರಳಿ ಬರುವಾಗ ಗುಂಡು ಹೇಗೆ ಹಾರಿತು ಎಂಬುದನ್ನಷ್ಟೇ ಹೇಳುತ್ತದೆ. ಕೊಲ್ಲುವ ಹಕ್ಕನ್ನು ಈ ಸಹೋದರರಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಯಿಂದ ಅಧಿಕಾರಿ ಒಮ್ಮೆ ಚರ್ಚಿನಲ್ಲಿ ತೊಳಲಾಡುತ್ತಾನೆ. ಚಿತ್ರಕ್ಕೆ ಸ್ವಂತವಾಗಬಹುದಾಗಿದ್ದ ಆ ಎಳೆ ಬೇಗನೆ ಮುಗಿದುಹೋಗುತ್ತದೆ, ಉಳಿದ ಪ್ರಶ್ನೆಯನ್ನು ಕೊನೆಯ ಶೀರ್ಷಿಕೆಗಳ ಜೊತೆ ಬರುವ ದಾರಿಹೋಕರ ಅಭಿಪ್ರಾಯಗಳಿಗೆ ಬಿಡಲಾಗುತ್ತದೆ. ಇದರ ಖ್ಯಾತಿ ಅತಿಯಾಯಿತೆಂದು ನಾನು ಹೇಳುವುದು ಈ ಕಾರಣಕ್ಕೆ.

ಇದೇ ಪರೀಕ್ಷೆ ಒಂದು ಚಿತ್ರವನ್ನು ಉಳಿಸಲೂಬಹುದು. ಗ್ಯಾರಿ ಫ್ಲೆಡರ್ ಅವರ ‘ಥಿಂಗ್ಸ್ ಟು ಡೂ ಇನ್ ಡೆನ್ವರ್ ವೆನ್ ಯು ಆರ್ ಡೆಡ್’ (1995) ಅಡ್ಡಹೆಸರುಗಳಿಂದ, ಪಾತ್ರಗಳ ಗುಟ್ಟಿನ ನುಡಿಗಟ್ಟುಗಳಿಂದ ತುಂಬಿದೆ, ಅವುಗಳಲ್ಲಿ ಬಹುಪಾಲು ಮೇಲ್ಮೈಯಲ್ಲೇ ಉಳಿಯುತ್ತವೆ. ಆದರೆ ಅದರ ನಾಯಕ ಸಾವಿನ ಅಂಚಿನಲ್ಲಿರುವವರು ತಮ್ಮವರಿಗಾಗಿ ಬಿಟ್ಟುಹೋಗುವ ಮಾತುಗಳನ್ನು ವಿಡಿಯೊದಲ್ಲಿ ದಾಖಲಿಸುವ ಕೆಲಸ ನಡೆಸುತ್ತಾನೆ, ಮುಂದೆ ತನಗೇ ಸಾವು ನಿಶ್ಚಿತವಾಗುತ್ತದೆ. ಆ ದಾಖಲೆಗಳನ್ನು ಚಿತ್ರದಿಂದ ತೆಗೆದು ನೋಡಿ, ಉಳಿದ ಕಥೆ ನಿಲ್ಲುವುದಿಲ್ಲ.