ಅತ್ತೆಯವರ ಬೋಗುಣಿಗೆ ಬದಲಿ ಹುಡುಕಿದ್ದು

ನಮ್ಮ ಮನೆಯಲ್ಲಿ ಸಾರು ಕುದಿಯುತ್ತಿದ್ದುದು ಒಂದೇ ಪಾತ್ರೆಯಲ್ಲಿ. ಅತ್ತೆಯವರು ತವರಿನಿಂದ ತಂದಿದ್ದ, ಒಳಗೆ ಕಲಾಯಿ ಹಾಕಿದ, ದಪ್ಪ ತಳದ ಹಿತ್ತಾಳೆ ಬೋಗುಣಿ ಅದು. ನಾನು ಈ ಮನೆಗೆ ಬಂದ ಮೇಲೆ ನನ್ನ ಕೈಯಲ್ಲೇ 36 ವರ್ಷ ಕಳೆದಿದೆ. ಬಾವಿಕಟ್ಟೆಯಿಂದ ಒಮ್ಮೆ ಜಾರಿ ಬಿದ್ದು ಹೊಟ್ಟೆಯ ಒಂದು ಬದಿಗೆ ತಗ್ಗು ಬಿದ್ದಿತ್ತು. ಆ ತಗ್ಗಿನ ಮೇಲ್ಗಡೆಯ ಅಂಚಿಗೆ ಸಾರು ಮುಟ್ಟಿದರೆ ಎಂಟು ಮಂದಿಯ ಊಟಕ್ಕೆ ಸಾಕು ಎಂಬುದು ನನಗೆ ರೂಢಿಯಾಗಿದ್ದ ಅಳತೆ. ಅಡಕೆ ಕೊಯ್ಲಿನ ದಿನಗಳಲ್ಲಿ ಆಳುಗಳಿಗೂ ಸೇರಿಸಿ ಮಾಡುವಾಗ ಅದನ್ನು ಕಂಠದವರೆಗೆ ತುಂಬಿಸುತ್ತಿದ್ದೆ. ತೀರ್ಥಹಳ್ಳಿಯ ಕಡೆಯ ನಮ್ಮಂಥ ಮನೆಗಳಲ್ಲಿ ಇಂಥ ಪಾತ್ರೆಗಳಿಗೆ ಹಿಡಿ ಇರುವುದಿಲ್ಲ. ಮಸಿಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳನ್ನು ಅಂಚಿನ ಮೇಲಿಟ್ಟು, ಉಳಿದ ಬೆರಳುಗಳನ್ನು ಕಂಠದ ಕೆಳಗೆ ಕೊಟ್ಟು ಎತ್ತುವುದು ಕ್ರಮ.

ಆ ಕ್ರಮವೇ ನನ್ನ ಮಣಿಕಟ್ಟಿಗೆ ಮುಳುವಾಯಿತು. ಕಳೆದ ವರ್ಷದ ಮಳೆಗಾಲದಲ್ಲಿ ಬಲಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು ಆರಂಭವಾಗಿ, ಒಂದು ದಿನ ಕುದಿಯುವ ಸಾರಿನ ಬೋಗುಣಿ ಕೈಯಲ್ಲೇ ವಾಲಿ, ಅರ್ಧ ಸಾರು ಒಲೆಯ ಮೇಲೂ ಒಂದಿಷ್ಟು ನನ್ನ ಕಾಲ ಮೇಲೂ ಚೆಲ್ಲಿತು. ಶಿವಮೊಗ್ಗದಲ್ಲಿ ತೋರಿಸಿದ ಮೂಳೆ ವೈದ್ಯರು, ಹೆಬ್ಬೆರಳನ್ನು ಅಗಲಿಸುವ ನರಗಳ, ಅಂದರೆ ಸ್ನಾಯುರಜ್ಜುಗಳ, ಸುತ್ತಲಿನ ಹೊದಿಕೆ ಊದಿಕೊಂಡಿದೆ ಎಂದು ಹೇಳಿ, ಕೈಗೆ ಪಟ್ಟಿ ಕಟ್ಟಿಸಿ, ಹೆಬ್ಬೆರಳನ್ನು ಚಾಚಿ ಭಾರ ಎತ್ತುವ ಕೆಲಸ ಯಾವುದೇ ಇದ್ದರೂ ನಿಲ್ಲಿಸಬೇಕು ಎಂದರು. ಎಳೆ ಮಕ್ಕಳನ್ನು ಕಂಕುಳಿಗೆ ಕೈಕೊಟ್ಟು ಪದೇ ಪದೇ ಎತ್ತುವ ತಾಯಂದಿರಿಗೆ ಇದು ಹೆಚ್ಚಾಗಿ ಬರುತ್ತದಂತೆ. ನಾನು ಮೂವತ್ತಾರು ವರ್ಷ ಎತ್ತಿದ್ದ ಮಗು ಯಾವುದೆಂದು ಅವರಿಗೆ ವಿವರಿಸಬೇಕಾಯಿತು.

ಮನೆಗೆ ಬಂದವಳೇ ಬೋಗುಣಿಯನ್ನು ತೂಗಿದೆ. ಖಾಲಿ ಪಾತ್ರೆಯೇ 2 ಕಿಲೋ 900 ಗ್ರಾಂ. ಅದರಲ್ಲಿ ದಿನವೂ ಮಾಡುತ್ತಿದ್ದ ಸುಮಾರು ಮೂರೂವರೆ ಲೀಟರ್ ಸಾರು ಸೇರಿದರೆ 6 ಕಿಲೋ 400 ಗ್ರಾಂ. ಬೆಳಿಗ್ಗೆ ಹಾಲು, ಮಧ್ಯಾಹ್ನ ಸಾರು, ಸಂಜೆ ಮತ್ತೆ ಅದನ್ನೇ ಬಿಸಿ ಮಾಡುವುದು ಎಂದು ದಿನಕ್ಕೆ ಏಳೆಂಟು ಸಲವಾದರೂ ಎತ್ತಿ ಇಳಿಸುತ್ತಿದ್ದೆ. ಅದರ ಮೇಲೆ ಅಸ್ತ್ರ ಒಲೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಈ ಒಲೆಯಲ್ಲಿ ಪಾತ್ರೆಗಳು ಗುಂಡಿಯೊಳಗೆ ಕೂರುವುದರಿಂದ ಕಟ್ಟಿಗೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಹೊರಹೋಗುತ್ತದೆ. ಆದರೆ ಪಾತ್ರೆಯನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ, ನೇರ ಮೇಲಕ್ಕೇ ಎತ್ತಬೇಕು.

ಮೊದಲು ಕೊಂಡದ್ದು ಗಾಂಧಿ ಬಜಾರಿನ ಒಂದು ಅಂಗಡಿಯಿಂದ, 700 ಗ್ರಾಂ ತೂಗುವ ತೆಳು ಸ್ಟೀಲ್ ಪಾತ್ರೆ. ಕೈಗೆ ಹೂವಿನಂತಿತ್ತು. ಮೊದಲ ವಾರವೇ ಅದರಲ್ಲಿ ಶ್ಯಾವಿಗೆ ಪಾಯಸ ಮಾಡಿ ಸೀದಿಸಿದೆ. ತಿಕ್ಕಲು ಕುಳಿತಾಗ ನೋಡಿದರೆ ತಳದಲ್ಲಿ ಗ್ಯಾಸ್ ಒಲೆಯ ಬರ್ನರಿನ ಉಂಗುರವೇ ಅಚ್ಚೊತ್ತಿದಂತೆ ಕಪ್ಪು ಬಳೆ ಮೂಡಿತ್ತು. ಬಳೆಯ ಒಳಗೂ ಹೊರಗೂ ಸ್ಟೀಲು ಹೊಳೆಯುತ್ತಲೇ ಇತ್ತು. ಉರಿ ತಾಗಿದ ಕಡೆಯ ಬಿಸಿಯನ್ನು ಪಕ್ಕಕ್ಕೆ ಹರಡುವ ಶಕ್ತಿ ಸ್ಟೇನ್‌ಲೆಸ್ ಸ್ಟೀಲಿಗೆ ಬಹಳ ಕಡಿಮೆ. ಹಿತ್ತಾಳೆ ಅದಕ್ಕಿಂತ ಏಳೆಂಟು ಪಟ್ಟು, ಅಲ್ಯುಮಿನಿಯಂ ಹತ್ತು ಪಟ್ಟಿಗೂ ಮಿಕ್ಕಿ ಬಿಸಿಯನ್ನು ಸಾಗಿಸುತ್ತದೆ. ತೆಳುವಾದ ಸ್ಟೀಲಿನಲ್ಲಿ ಬಿಸಿ ಹರಡಲು ದಾರಿಯೂ ಇಲ್ಲ, ದಪ್ಪವೂ ಇಲ್ಲ. ನೀರಿನಂತಿರುವ ತಿಳಿಸಾರಿಗೆ, ಅನ್ನ ಬಸಿಯಲು ಇದರಿಂದ ತೊಂದರೆಯಿಲ್ಲ. ಬೇಳೆ, ಹಾಲು, ಹಿಟ್ಟು ಬೆರೆತ ಯಾವುದಕ್ಕೂ ಆಗದು. ಈಗ ಅದು ಹಿಟ್ಟು ಕಲಸುವ ಪಾತ್ರೆಯಾಗಿದೆ.

ಎರಡನೆಯದು ಐದು ಲೀಟರ್ ಹಿಡಿಯುವ ಹಾರ್ಡ್ ಆನೊಡೈಸ್ಡ್ ಪಾತ್ರೆ, ತೂಕ 1 ಕಿಲೋ 100 ಗ್ರಾಂ. ಇದು ಅಲ್ಯುಮಿನಿಯಮ್ಮೇ, ಆದರೆ ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಮೇಲ್ಮೈಯನ್ನೇ ಗಟ್ಟಿಯಾದ ಆಕ್ಸೈಡ್ ಪದರವಾಗಿ ಬೆಳೆಸಿರುತ್ತಾರೆ, ಆದ್ದರಿಂದ ಹುಳಿ ನೇರವಾಗಿ ಲೋಹಕ್ಕೆ ತಾಗುವುದಿಲ್ಲ. ವಾಟೆಹುಳಿ, ಮುರುಗಲು, ಅಪ್ಪೆಮಿಡಿ ಎಂದು ವರ್ಷವಿಡೀ ಹುಳಿಯಲ್ಲೇ ಬದುಕುವ ಮಲೆನಾಡಿನ ಅಡುಗೆಗೆ ಇದು ಸಣ್ಣ ಸಂಗತಿಯಲ್ಲ. ಬರಿ ಅಲ್ಯುಮಿನಿಯಮ್ಮಿನಲ್ಲಿ ಅಪ್ಪೆಹುಳಿ ಮಾಡಿದರೆ ರುಚಿಯೂ ಕೆಡುತ್ತದೆ, ಪಾತ್ರೆಯೂ ಸವೆಯುತ್ತದೆ.

ಪಾತ್ರೆ ಹಗುರವಾದ್ದರಿಂದ ಗ್ಯಾಸ್ ಅರ್ಧಕ್ಕರ್ಧ ಉಳಿಯುತ್ತದೆ ಎಂದು ಅಂಗಡಿಯವರು ಹೇಳಿದ್ದರು. ನಂಬದೆ, ಒಂದು ಮಧ್ಯಾಹ್ನ ಎರಡೂ ಪಾತ್ರೆಗಳಲ್ಲಿ ಎರಡೆರಡು ಲೀಟರ್ ಬಾವಿಯ ನೀರು ಹಾಕಿ, ಒಂದೇ ಬರ್ನರಿನ ಮೇಲೆ, ಒಂದೇ ಉರಿಯಲ್ಲಿ, ಒಂದಾದ ಮೇಲೊಂದು ಕುದಿಸಿ ಗಡಿಯಾರ ನೋಡಿದೆ. ಬೋಗುಣಿ 10 ನಿಮಿಷ 20 ಸೆಕೆಂಡಿಗೆ ಕುದಿಯಿತು, ಹೊಸ ಪಾತ್ರೆ 10 ನಿಮಿಷ 5 ಸೆಕೆಂಡಿಗೆ. “ಇಷ್ಟಕ್ಕೆ ಎಂತಕ್ಕೆ ಮಾರಾಯ್ತಿ ಅಷ್ಟು ದುಡ್ಡು ಕೊಟ್ಟೆ?” ಎಂದು ಯಜಮಾನರು ಕೇಳಿದರು. ಲೆಕ್ಕ ಹಾಕಿದ ಮೇಲೆ ಕಾರಣ ತಿಳಿಯಿತು. ಉರಿಯ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ಕುಡಿಯುವುದು ನೀರು, ಪಾತ್ರೆಯಲ್ಲ. ಪಾತ್ರೆ ಕುಡಿಯುವ ಅಲ್ಪ ಪಾಲಿನಲ್ಲಿಯೂ, ಒಂದು ಕಿಲೋ ಅಲ್ಯುಮಿನಿಯಮ್ಮನ್ನು ಬಿಸಿ ಮಾಡಲು ಒಂದು ಕಿಲೋ ಹಿತ್ತಾಳೆಗೆ ಬೇಕಾದುದರ ಎರಡು ಪಟ್ಟಿಗಿಂತ ಹೆಚ್ಚು ಶಾಖ ಬೇಕು. ಹೀಗಾಗಿ ತೂಕದಲ್ಲಿ ಅರ್ಧಕ್ಕಿಂತ ಕಡಿಮೆಯಾದರೂ ಶಾಖದ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರವೇ. ಹಗುರ ಪಾತ್ರೆಯನ್ನು ಕೈಗಾಗಿ ಕೊಳ್ಳಬೇಕೇ ಹೊರತು ಗ್ಯಾಸಿಗಾಗಿ ಅಲ್ಲ.

ಈ ಪಾತ್ರೆಯನ್ನು ಕೆಡಿಸಿದ್ದು ನಮ್ಮದೇ ಅಭ್ಯಾಸ. ಪಾತ್ರೆಗಳನ್ನು ಒಲೆಯ ಬೂದಿ ಮತ್ತು ತೆಂಗಿನ ನಾರಿನಿಂದ ತಿಕ್ಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಬೂದಿ ಕ್ಷಾರ; ಆನೊಡೈಸ್ ಪದರ ಅಡುಗೆಯ ಹುಳಿಯನ್ನಾದರೂ ತಡೆದೀತು, ಕ್ಷಾರವನ್ನು ತಡೆಯದು. ನಾಲ್ಕು ತಿಂಗಳಲ್ಲಿ ಹೊರಮೈಯ ಕಡುಬೂದು ಬಣ್ಣ ಅಲ್ಲಲ್ಲಿ ಬಿಳುಚಿಕೊಂಡಿತು, ತಳದ ಅಂಚಿನಲ್ಲಿ ಲೋಹವೇ ಕಾಣತೊಡಗಿತು. ತಿಕ್ಕಿದವರನ್ನು ದೂರುವಂತಿಲ್ಲ, ನಾನೇ ಹೇಳಿಕೊಟ್ಟಿರಲಿಲ್ಲ. ಅದಕ್ಕಿಂತ ಮೊದಲೇ ಇನ್ನೊಂದು ಸಮಸ್ಯೆ ಗೊತ್ತಾಗಿತ್ತು. ಅದಕ್ಕೆ ಒಂದೇ ಉದ್ದ ಹಿಡಿ. ಖಾಲಿ ಪಾತ್ರೆಯನ್ನು ಒಲೆಯ ಮೇಲಿಟ್ಟರೆ ಹಿಡಿಯ ಕಡೆಗೇ ವಾಲುತ್ತಿತ್ತು. ತುಂಬಿದ ಮೇಲೆ ಹಿಡಿಯ ತುದಿಯಿಂದ ಎತ್ತಿದರೆ ಭಾರವೆಲ್ಲ ಒಂದು ಗೇಣು ಆಚೆ ತೂಗಿ, ಮಣಿಕಟ್ಟು ತಿರುಚಿದಂತಾಗುತ್ತಿತ್ತು. ಎರಡು ಕೈಯಲ್ಲಿ ಹಿಡಿದ ಬೋಗುಣಿಗಿಂತ ಒಂದು ಕೈಯಲ್ಲಿ ಹಿಡಿದ ಈ ಹಗುರ ಪಾತ್ರೆಯೇ ಹೆಚ್ಚು ನೋಯಿಸಿದ ದಿನಗಳಿವೆ.

ಆಗ ನಾನು ಪಾತ್ರೆಯ ತೂಕ ನೋಡುವುದನ್ನು ಬಿಟ್ಟು, ಎತ್ತುವ ಕೆಲಸವನ್ನು ನೋಡತೊಡಗಿದೆ. ಬೋಗುಣಿಯ ಜಾಗದಲ್ಲಿ ಹೊಸ ಪಾತ್ರೆಯಿಟ್ಟಾಗ ಭಾರ 6 ಕಿಲೋ 400 ಗ್ರಾಮಿನಿಂದ 4 ಕಿಲೋ 600 ಗ್ರಾಮಿಗೆ ಇಳಿದಿತ್ತು, ಅಂದರೆ ಮೂರರಲ್ಲಿ ಒಂದು ಪಾಲೂ ತಗ್ಗಿರಲಿಲ್ಲ. ಉಳಿದ ಭಾರವೆಲ್ಲ ಸಾರಿನದು. ಮಕ್ಕಳಿಬ್ಬರೂ ಬೆಂಗಳೂರು ಸೇರಿದ ಮೇಲೆ ಮನೆಯಲ್ಲಿ ಉಳಿದವರು ಮೂವರು. ಆದರೂ ಬೋಗುಣಿಯ ತಗ್ಗಿನ ಅಳತೆಗೆ ಎಂಟು ಮಂದಿಯ ಸಾರನ್ನೇ ಮಾಡಿ, ಎರಡು ಹೊತ್ತು ಕಾಯಿಸಿ ಉಣ್ಣುತ್ತಿದ್ದೆವು. ಪಾತ್ರೆ ಹೇಳಿದಷ್ಟು ಸಾರು ಮಾಡುತ್ತಿದ್ದೆನೇ ಹೊರತು ಹೊಟ್ಟೆ ಕೇಳಿದಷ್ಟಲ್ಲ.

ಮೂರನೆಯ ಸಲ ಕೊಂಡದ್ದು ಮೂರು ಲೀಟರಿನ ಟ್ರೈಪ್ಲೈ ಪಾತ್ರೆ. ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯುಮಿನಿಯಂ ಹಾಳೆ ಸೇರಿಸಿ ಒತ್ತಿದ್ದು. ಬಿಸಿ ಹರಡುವ ಕೆಲಸ ಒಳಗಿನ ಅಲ್ಯುಮಿನಿಯಮ್ಮಿನದು, ಹುಳಿ ಮತ್ತು ಬೂದಿ ತಡೆಯುವ ಕೆಲಸ ಹೊರಗಿನ ಸ್ಟೀಲಿನದು. ತೂಕ 1 ಕಿಲೋ 200 ಗ್ರಾಂ, ಅದೇ ಹಾರ್ಡ್ ಆನೊಡೈಸ್ಡ್ ಪಾತ್ರೆಗಿಂತ ತುಸು ಹೆಚ್ಚೇ. ಆದರೆ ಎರಡೂ ಬದಿಗೆ ಬಳೆಯಂಥ ಹಿಡಿಗಳಿವೆ. ಅಂಗಡಿಯಲ್ಲೇ ಪಾತ್ರೆಗೆ ಎರಡು ಲೀಟರ್ ನೀರು ತುಂಬಿಸಿಕೊಂಡು, ಮಸಿಬಟ್ಟೆಯ ಸಮೇತ ನಾಲ್ಕು ಬೆರಳೂ ಹಿಡಿಯೊಳಗೆ ಹೋಗುತ್ತವೆಯೇ, ಹೆಬ್ಬೆರಳು ಸುಮ್ಮನೆ ಮೇಲೆ ಮಲಗಿರಬಹುದೇ ಎಂದು ನೋಡಿ ಕೊಂಡೆ. ಖಾಲಿ ಪಾತ್ರೆಯನ್ನು ಎತ್ತಿ ನೋಡಿ “ಹಗುರ” ಎನ್ನುವುದರಲ್ಲಿ ಅರ್ಥವಿಲ್ಲ. ಅಯಸ್ಕಾಂತ ಅಂಟದಿದ್ದರೆ ಉತ್ತಮ ಸ್ಟೀಲ್ ಎಂಬ ಮಾತನ್ನೂ ಪೂರ್ತಿ ನಂಬಬಾರದು: ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ, ಇಂಡಕ್ಷನ್ ಒಲೆಗೆ ಆಗುವ ಒಳ್ಳೆಯ ಟ್ರೈಪ್ಲೈ ಪಾತ್ರೆಯ ತಳಕ್ಕೆ ಅಂಟಲೇಬೇಕು.

ಅದರ ಜೊತೆಗೆ ಕೆಲಸದ ಕ್ರಮವನ್ನೂ ಬದಲಿಸಿದೆ. ನಲ್ಲಿಯ ಕೆಳಗೆ ಪಾತ್ರೆ ತುಂಬಿಸಿ ಒಲೆಗೆ ಹೊರುವುದನ್ನು ಬಿಟ್ಟು, ಪಾತ್ರೆಯನ್ನು ಒಲೆಯ ಮೇಲಿಟ್ಟ ಮೇಲೆ ಚೊಂಬಿನಲ್ಲಿ ನೀರು ಹಾಕುತ್ತೇನೆ. ಕುದಿದ ಸಾರನ್ನು ಪಾತ್ರೆಸಮೇತ ಇಳಿಸದೆ, ಸೌಟಿನಿಂದ ಊಟಕ್ಕೆ ಬೇಕಾದಷ್ಟನ್ನು ಸಣ್ಣ ಪಾತ್ರೆಗೆ ತೆಗೆಯುತ್ತೇನೆ. ಈಗ ಎರಡೂ ಕೈ ಸೇರಿ ಎತ್ತುವ ಭಾರ ಹೆಚ್ಚೆಂದರೆ 3 ಕಿಲೋ. ಮಣಿಕಟ್ಟಿನ ಪಟ್ಟಿಯನ್ನು ಬಿಚ್ಚಿ ಐದು ತಿಂಗಳಾಯಿತು.

ರುಚಿ ಬದಲಾಯಿತೇ ಎಂದು ಕೇಳುವವರಿದ್ದಾರೆ. ನನ್ನ ನಾಲಿಗೆಗೆ ತಿಳಿದಂತೆ ಸಾರಿನ ರುಚಿ ಬದಲಾಗಿಲ್ಲ, ಒಗ್ಗರಣೆಯ ಅಂದಾಜು ಮಾತ್ರ ಎರಡು ವಾರ ತಪ್ಪಿತು. ಬೋಗುಣಿಯಲ್ಲಿ ಸಾರು ಸಂಜೆಯವರೆಗೆ ಬೆಚ್ಚಗಿರುತ್ತಿತ್ತು, ಹೊಸದರಲ್ಲಿ ಇರುವುದಿಲ್ಲ ಎಂದು ಮೊದಮೊದಲು ನಾನೂ ದೂರಿದ್ದೆ. ಆಮೇಲೆ ಹೊಳೆದದ್ದೆಂದರೆ, ಬೆಚ್ಚಗಿಡುತ್ತಿದ್ದುದು ಹಿತ್ತಾಳೆಯಲ್ಲ, ಅಸ್ತ್ರ ಒಲೆಯ ಗುಂಡಿಯಲ್ಲಿ ಉಳಿದ ಕೆಂಡ.

ಬೋಗುಣಿಯನ್ನು ಹಳೆಯ ಹಿತ್ತಾಳೆಯ ಬೆಲೆಗೆ ಹಾಕಿ ಹೊಸದನ್ನು ಕೊಳ್ಳಬಹುದಿತ್ತು, ಅಂಗಡಿಯವರು ಕೇಳಿಯೂ ಇದ್ದರು. ಕೊಡುವ ಮನಸ್ಸು ಒಂದು ಗಳಿಗೆ ಬಂದಿತ್ತು ಎಂಬುದೂ ನಿಜ. ಏಕೆಂದರೆ ಕಲಾಯಿ ಹಾಕುವವರು ಈಗ ಊರಿಗೆ ಬರುವುದೇ ಅಪರೂಪ, ಕಲಾಯಿ ಸವೆದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ಕಿಲುಬು ಏಳುತ್ತದೆ. ಆದರೆ ಹೊಸ ಪಾತ್ರೆಯನ್ನು ಅಸ್ತ್ರ ಒಲೆಯ ಎರಡನೆಯ ಗುಂಡಿಗೆ ಇಡಲು ಹೋದಾಗ, ಅದರ ಸುತ್ತಳತೆ ಸಾಲದೆ ಸಂದಿಯಿಂದ ಹೊಗೆಯೆಲ್ಲ ಅಡುಗೆಮನೆಗೆ ನುಗ್ಗಿತು. ಆ ಗುಂಡಿಯನ್ನು ಅತ್ತೆಯವರ ಕಾಲದ ಬೋಗುಣಿಯ ಅಳತೆಗೇ ಕಟ್ಟಿಸಿದ್ದರು. ಹಾಗಾಗಿ ಬೋಗುಣಿ ಈಗ ಕೈಕಾಲು ತೊಳೆಯುವ ಬಿಸಿನೀರಿನ ಪಾತ್ರೆಯಾಗಿ ಅಲ್ಲೇ ಕೂತಿದೆ. ಅದನ್ನು ಯಾರೂ ಎತ್ತುವುದಿಲ್ಲ, ಚೊಂಬಿನಲ್ಲಿ ತೋಡಿಕೊಳ್ಳುತ್ತೇವೆ. ಕಲಾಯಿಯ ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ, ಒಲೆ ಉರಿಯುತ್ತಿರುವಾಗ ಅದು ಬರಿದಾಗದಂತೆ ನೋಡಿಕೊಳ್ಳುವುದು ಮಾತ್ರ ನನ್ನ ಕೆಲಸ. ನೀರು ಆ ತಗ್ಗಿಗಿಂತ ಕೆಳಗಿಳಿದರೆ ಎರಡು ಚೊಂಬು ಹಾಕುತ್ತೇನೆ.