ಆಪರೇಷನ್ ಆದ ಭುಜ ಮತ್ತೆ ಮುರಿದಾಗ ಎಕ್ಸ್‌ರೇ ತೆಗೆಯುವುದು

ಜಾರುವ ಭುಜಕ್ಕೆ ಬ್ಯಾಂಕಾರ್ಟ್ ಆಪರೇಷನ್ (ಕೀಲಿನ ಬಟ್ಟಲಿನ ಅಂಚಿನಿಂದ ಕಿತ್ತುಬಂದ ಪಟ್ಟಿಯನ್ನು ಮತ್ತೆ ಮೂಳೆಗೆ ಹೊಲಿಯುವುದು) ಆದವರು ಮತ್ತೆ ಬಿದ್ದು ಬಂದರೆ, ನಾನು ಮೊದಲು ಕೇಳುವುದು ಹಳೇ ಫಿಲಂ. ಆಮೇಲೆ, ನೋವಿರುವ ಭುಜದ ಹಿಂಬದಿ ಪ್ಲೇಟಿಗೆ ತಾಗುವಂತೆ 35–45 ಡಿಗ್ರಿ ತಿರುಗಿಸಿ ನಿಲ್ಲಿಸುತ್ತೇನೆ. ತೋಳಿನ ಮೂಳೆಯ ತುದಿಯ ಗುಂಡು ಮತ್ತು ಅದು ಕೂರುವ ಬಟ್ಟಲು, ಇವೆರಡರ ನಡುವೆ ಸಂದು ಕಾಣಬೇಕು. ಕಾಣದಿದ್ದರೆ ಇನ್ನೊಂದು ತೆಗೆಯಿರಿ. ಕಂಕುಳಿನ ವ್ಯೂ ಬೇಕೇ ಬೇಕು. ಕೈ ಎತ್ತಲಾಗದವರನ್ನು ಜಗ್ಗಬೇಡಿ. ಜೋಲಿಯಲ್ಲೇ ಹಿಂದಕ್ಕೆ ವಾಲಿಸಿ, ಮೇಲಿನಿಂದ ತೆಗೆಯಿರಿ.

ಎಲ್ಲ ಆಂಕರ್ (ಹೊಲಿಗೆಯನ್ನು ಮೂಳೆಗೆ ಹಿಡಿದಿಡುವ ಚಿಕ್ಕ ಮೊಳೆ) ಲೋಹದ್ದಲ್ಲ. ಪ್ಲಾಸ್ಟಿಕ್ಕಿನದು ಕಾಣುವುದಿಲ್ಲ, ಸುಮ್ನೆ ತೂತು ಕಂಡೀತು ಅಷ್ಟೆ. ಆ ತೂತುಗಳ ಸಾಲಿನಲ್ಲೇ ಬಟ್ಟಲಿನ ಅಂಚು ಅಂಚೆಚೀಟಿ ಹರಿದ ಹಾಗೆ ಮುರಿಯಬಹುದು. ಒಬ್ಬ ಕಬಡ್ಡಿ ಹುಡುಗನದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅನುಮಾನವಿದ್ದರೆ 1 ಮಿ.ಮೀ. ಸ್ಲೈಸಿನ ಸಿಟಿ ಸ್ಕ್ಯಾನ್ ಮಾಡಿ, 3ಡಿಯಲ್ಲಿ ಗುಂಡನ್ನು ಅಳಿಸಿ ಬಟ್ಟಲನ್ನು ಎದುರಿನಿಂದ ನೋಡಿ. ಸ್ಕ್ರೂ ಇದ್ದರೆ ಲೋಹದ ಗೆರೆ ತಗ್ಗಿಸುವ ಸೆಟ್ಟಿಂಗ್ ಮರೆಯಬೇಡಿ.